ಸೀಗಡಿ ಮೊಟ್ಟೆ, ಉಪ್ಪುನೀರು ಮತ್ತು ನನ್ನ ಬ್ಯಾಕ್‌ಲಾಗ್

ಮೊದಲೇ ಹೇಳ್ಬಿಡ್ತೀನಿ, ಎಲ್‌ಕೆಜಿಯಿಂದ ಪಿಯುಸಿವರೆಗೆ ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ನಮ್ಮ ಕನ್ನಡ ಸಂಘದ ಎಡಿಟರ್‌ಗಳನ್ನು ಬೈಯಿರಿ, ನನ್ನನ್ನಲ್ಲ.

ಕಳೆದ ಸೆಮಿಸ್ಟರ್ ರಜೆಯಲ್ಲಿ ತುಮಕೂರಿನ ನಮ್ಮ ಮನೆಯಲ್ಲಿ ಒಂದು ಜೋಡಿ ಫೈಟರ್ ಮೀನು ಮರಿ ಮಾಡಿದವು. ಗಂಡು ಮೀನು ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿ, ಹೆಣ್ಣು ಇಟ್ಟ ಮೊಟ್ಟೆಗಳನ್ನು ಬಾಯಲ್ಲಿ ಹೆಕ್ಕಿ ಹೆಕ್ಕಿ ಅದರಲ್ಲಿ ಇಡುತ್ತೆ. ಮೊಟ್ಟೆ ಒಡೆದು ಐದನೇ ದಿನದ ಹೊತ್ತಿಗೆ ಮರಿಗಳು ಈಜೋಕೆ ಶುರು ಮಾಡಿದವು. ಎರಡು ಕಣ್ಣು, ಒಂದು ಬಾಲ, ಅಷ್ಟೇ ಕಾಣೋದು. ಎಣಿಸಿದೆ, ಅರವತ್ತರ ಹತ್ತಿರ ಇದ್ದವು.

ಖುಷಿ ಒಂದೇ ದಿನ. ಹುಟ್ಟುವಾಗ ಹೊಟ್ಟೆಯಲ್ಲಿ ತಂದ ಹಳದಿ ಮುಗಿದ ಮೇಲೆ ಅವಕ್ಕೆ ಊಟ ಬೇಕು. ದೊಡ್ಡ ಮೀನಿನ ಆಹಾರವನ್ನೇ ಪುಡಿ ಮಾಡಿ ಹಾಕಿದೆ. ಮೂಸಿಯೂ ನೋಡಲಿಲ್ಲ. ಈ ಮರಿಗಳಿಗೆ ಅಲ್ಲಾಡುವ ವಸ್ತು ಮಾತ್ರ ಊಟ. ಸುಮ್ಮನೆ ಬಿದ್ದಿರೋದು ಕಸ. ಆ ಪುಡಿ ತಳದಲ್ಲಿ ಕೊಳೆತು ನೀರು ಕೆಡ್ತು. ಹಿತ್ತಲ ತೊಟ್ಟಿಯ ಹಸಿರು ನೀರನ್ನು ಸ್ವಲ್ಪ ಸ್ವಲ್ಪ ಹಾಕಿ, ಅದರಲ್ಲಿರೋ ಸೂಕ್ಷ್ಮ ಜೀವಿಗಳ ಮೇಲೆ ಭಾರ ಹಾಕಿ ದಿನ ದೂಡಿದೆ.

ಇದಕ್ಕೆ ಸರಿಯಾದ ಊಟ ಅಂದ್ರೆ ಆರ್ಟೀಮಿಯಾ, ಉಪ್ಪುನೀರಿನ ಪುಟ್ಟ ಸೀಗಡಿಯ ಮರಿ. ಒಂದು ಮರಿ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು. ಮೊಟ್ಟೆ ನೋಡೋಕೆ ಕಾಫಿಪುಡಿ ಥರ. ಒಣಗಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತೆ, ಉಪ್ಪುನೀರು ಸಿಕ್ಕಿದ ತಕ್ಷಣ ಏಳುತ್ತೆ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ ಇದನ್ನು ನೀರಿನ ಮೇಲಿಂದ ಬಾಚಿ ತೆಗೆದು ಜಗತ್ತಿಗೆಲ್ಲ ಮಾರ್ತಾರೆ. 1972ರಲ್ಲಿ ಅಪೊಲೊ 16ರ ಜೊತೆ ಚಂದ್ರನ ತನಕ ಹೋಗಿ ಬಂದ ಜೀವಿಗಳಲ್ಲಿ ಇದರ ಮೊಟ್ಟೆಯೂ ಇತ್ತು.

ಚಂದ್ರನಿಗೆ ಹೋಗಿ ಬಂದ ಮೊಟ್ಟೆ ನಮ್ಮನೇಲಿ ಒಡೀಲಿಲ್ಲ. ಅಂಗಡಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಡಿಯಾಗಿ ಕೊಟ್ಟಿದ್ದರು. ಎರಡು ದಿನ ಕಾದೆ, ಒಂದೂ ಮರಿ ಇಲ್ಲ. ಇಲ್ಲಿ ನಲವತ್ತಕ್ಕೆ ಇಳಿದಿತ್ತು ಲೆಕ್ಕ.

ನಮ್ಮಪ್ಪಂದು ದಿನಸಿ ಅಂಗಡಿ. ಕವರ್ ತಗೊಂಡು ಬೆರಳಲ್ಲಿ ಉಜ್ಜಿ ನೋಡಿ, "ಇದು ತೇವ ಹೊಡೆದಿದೆ ಕಣೋ. ಬಿಡಿ ಮಾಲು, ಯಾವಾಗ ಬಿಚ್ಚಿದ್ದೋ ಏನೋ. ಸೀಲ್ ಡಬ್ಬಿ ತಗೊಂಡು ಬಾ" ಅಂದ್ರು. ತಂದೆ. ಡಬ್ಬಿ ಫ್ರಿಜ್‌ನಲ್ಲಿಟ್ಟಾಗ ಅಮ್ಮ, "ಈ ಮನೇಗೆ ಇವತ್ತಿನವರೆಗೆ ಕೋಳಿ ಮೊಟ್ಟೇನೇ ಬಂದಿಲ್ಲ, ನೀನು ಸೀಗಡಿ ಮೊಟ್ಟೆ ತಂದು ಹಾಲಿನ ಪಕ್ಕ ಇಡ್ತೀಯಲ್ಲೋ" ಅಂತ ಅರ್ಧ ಗಂಟೆ ಬೈದರು. ಆದರೆ ಡಬ್ಬಿ ಎತ್ತಿ ಬಿಸಾಡಲಿಲ್ಲ.

ಎರಡನೇ ಸಲ ಎಲ್ಲ ಅಳತೆ ಪ್ರಕಾರ. ಕೂಲ್‌ಡ್ರಿಂಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸಿದೆ. ಒಂದು ಲೀಟರ್ ನೀರು, ಅಪ್ಪನ ಅಂಗಡಿಯ ತಕ್ಕಡಿಯಲ್ಲಿ ತೂಗಿದ 25 ಗ್ರಾಂ ಕಲ್ಲುಪ್ಪು, ಒಂದು ಚಿಟಿಕೆ ಮೊಟ್ಟೆ. ಏರ್ ಪಂಪಿನ ಪೈಪು ತಳದವರೆಗೆ, ಯಾಕಂದ್ರೆ ಮೊಟ್ಟೆ ತಳದಲ್ಲಿ ಕೂತರೆ ಆಕ್ಸಿಜನ್ ಸಿಗಲ್ಲ. ಪಕ್ಕದಲ್ಲಿ ಹಳೇ ಕಾಲದ 40 ವ್ಯಾಟ್ ಬಲ್ಬು. ಬೆಳಕೂ ಬೇಕು, 26-28 ಡಿಗ್ರಿ ಬಿಸಿಯೂ ಬೇಕು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆ.

ರಾತ್ರಿ ಒಂದೂವರೆಗೆ ಮಳೆ, ಕರೆಂಟ್ ಹೋಯ್ತು. ಪಂಪಿನ ಗುಯ್ ಅನ್ನೋ ಸದ್ದು ನಿಂತಿದ್ದಕ್ಕೇ ನನಗೆ ಎಚ್ಚರ ಆಯ್ತು. ಚಮಚ ತಗೊಂಡು ತಿರುಗಿಸ್ತಾ ಕೂತೆ. ಅಪ್ಪ ಟಾರ್ಚ್ ಹಿಡ್ಕೊಂಡು ಬಂದು ನೋಡಿ, ಒಳಗೆ ಹೋಗಿ ಬಿಸಿನೀರು ಕಾಯಿಸಿಕೊಂಡು ಬಂದು, ಪಾತ್ರೆಗೆ ಹಾಕಿ ಬಾಟಲಿಯನ್ನು ಅದರಲ್ಲಿ ನಿಲ್ಲಿಸಿದರು. ಆಮೇಲೆ ಪಕ್ಕದಲ್ಲೇ ಕೂತರು. ಅವರು ಹತ್ತು ನಿಮಿಷ, ನಾನು ಹತ್ತು ನಿಮಿಷ.

ಇಲ್ಲಿ ಒಂದು ವಿಷಯ ಹೇಳಬೇಕು. ನಾಲ್ಕು ದಿನದ ಹಿಂದೆ ಎರಡನೇ ಸೆಮಿಸ್ಟರ್ ರಿಸಲ್ಟ್ ಬಂದಿತ್ತು. ಮನೇಲಿ ಇನ್ನೂ ಬಂದಿಲ್ಲ ಅಂದಿದ್ದೆ. ಮೀನಿನ ಮರಿ ಮೇಲೆ ನನಗೆ ಅಷ್ಟು ಕಾಳಜಿ ಯಾಕೆ ಬಂತು ಅಂತ ಈಗ ಅರ್ಥ ಆಗುತ್ತೆ. ಬಾಟಲಿ ಮುಂದೆ ಕೂತರೆ ಯಾರೂ ಏನೂ ಕೇಳ್ತಿರಲಿಲ್ಲ.

ಕತ್ತಲಲ್ಲಿ ಮುಖ ಕಾಣ್ತಿರಲಿಲ್ಲ. "ಅಪ್ಪಾ, ಮ್ಯಾಥ್ಸ್ ಹೋಗಿದೆ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಎಷ್ಟು ಬಂತು?"

"ಇಪ್ಪತ್ತೊಂದು. ನೂರಕ್ಕೆ."

ಮತ್ತೆ ಸುಮ್ಮನೆ. ನನ್ನ ಕೈ ನಿಂತುಬಿಟ್ಟಿತ್ತು. "ತಿರುಗಿಸೋದು ನಿಲ್ಲಿಸ್ಬೇಡ" ಅಂದ್ರು. ಆಮೇಲೆ, "ಮತ್ತೆ ಯಾವಾಗ ಬರೀಬೇಕು? ಫೀಸ್ ಎಷ್ಟು?" ಅಷ್ಟೇ. ಬೈಗುಳ ಬೆಳಿಗ್ಗೆ ಬರಬಹುದು ಅಂದ್ಕೊಂಡೆ. ಬಂತು ಕೂಡ, ಆದರೆ ಫೇಲ್ ಆಗಿದ್ದಕ್ಕಲ್ಲ, ನಾಲ್ಕು ದಿನ ಮುಚ್ಚಿಟ್ಟಿದ್ದಕ್ಕೆ.

ಕರೆಂಟ್ ನಾಲ್ಕಕ್ಕೆ ಬಂತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಪಂಪ್ ನಿಲ್ಲಿಸಿ, ಬಾಟಲಿಯ ಕೆಳಭಾಗಕ್ಕೆ ಟಾರ್ಚ್ ಹಿಡಿದೆ. ಖಾಲಿ ಚಿಪ್ಪುಗಳು ಮೇಲೆ ತೇಲಿದವು, ಒಡೆಯದ ಮೊಟ್ಟೆ ತಳ ಸೇರಿತು, ಮರಿಗಳು ಬೆಳಕಿನ ಕಡೆ ಗುಂಪಾಗಿ ಬಂದವು. ಸಣ್ಣ ಪೈಪಿನಲ್ಲಿ ಎಳೆದು, ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು, ಡ್ರಾಪರ್‌ನಿಂದ ಹಾಕಿದೆ. ಒಂದು ಮರಿ ದೇಹ ಬಾಗಿಸಿ, ನಿಂತು, ಗಬಕ್ ಅಂತ ಹಿಡಿಯಿತು. ಐದು ನಿಮಿಷದಲ್ಲಿ ಎಲ್ಲದರ ಹೊಟ್ಟೆಯೂ ಕಿತ್ತಳೆ. ಅಮ್ಮನೂ ಬಂದು ನೋಡಿ, "ಪಾಪ, ಹಸಿದಿದ್ವು" ಅಂದ್ರು.

ನೀವು ಮಾಡೋದಾದರೆ ಎರಡು ಮಾತು. ಒಡೆದ ಕೆಲವೇ ಗಂಟೆಯೊಳಗೆ ಹಾಕಿ. ತಡ ಆದಷ್ಟೂ ಸೀಗಡಿ ಮರಿ ತನ್ನ ಹಳದಿಯನ್ನು ತಾನೇ ಕರಗಿಸಿಕೊಳ್ಳುತ್ತೆ, ಮೀನಿಗೆ ಸತ್ವ ಉಳಿಯಲ್ಲ. ದಿನಾ ಹೊಸದು ಬೇಕು, ಆದ್ದರಿಂದ ಎರಡು ಬಾಟಲಿ ಇಟ್ಟುಕೊಳ್ಳಿ, ಒಂದು ದಿನ ಬಿಟ್ಟು ಒಂದು.

ಅರವತ್ತರಲ್ಲಿ ಉಳಿದಿದ್ದು ಇಪ್ಪತ್ಮೂರು. ಮ್ಯಾಥ್ಸ್ ಮತ್ತೆ ಬರೆದೆ, ನಲವತ್ತನಾಲ್ಕು ಬಂತು. ರಿಸಲ್ಟ್ ನೋಡಿದ ತಕ್ಷಣ ಅಪ್ಪನಿಗೆ ಫೋನ್ ಮಾಡಿದೆ. ಅವರು "ಸರಿ, ಒಳ್ಳೇದಾಯ್ತು" ಅಂದು, ಒಂದು ಕ್ಷಣ ಬಿಟ್ಟು ಕೇಳಿದರು: "ಗಂಡು ಮತ್ತೆ ಗುಳ್ಳೆ ಕಟ್ಟಿದೆ ಕಣೋ. ಉಪ್ಪು 25 ಗ್ರಾಂ ಅಲ್ವಾ?"