ಚೌಕಾಬಾರಕ್ಕೆ ಯಾರ ಲೈಸೆನ್ಸು ಬೇಕು?

ನಾವು ನಾಲ್ವರು ಸೇರಿ ಚೌಕಾಬಾರವನ್ನು ಮೊಬೈಲ್ ಆಟ ಮಾಡುತ್ತಿದ್ದೇವೆ ಅಂತ ಊರಲ್ಲಿ ಗೊತ್ತಾದ ಮೇಲೆ ಬಂದ ಪ್ರಶ್ನೆಗಳು ಎರಡೇ. "ಇದಕ್ಕೆ ಲೈಸೆನ್ಸು ಬೇಡ್ವಾ?" ಮತ್ತು "ದುಡ್ಡು ಯಾರು ಕೊಡ್ತಾರೆ?" ಮೆಲ್ಲಗೆ ಇನ್ನೊಂದನ್ನು ಕೇಳಿದವರೂ ಇದ್ದಾರೆ: "ಇದೂ ರಮ್ಮಿ ಥರದ್ದಾ?" ಅಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ನಮ್ಮ ಆಟದಲ್ಲಿ ಕವಡೆ ಇದೆ, ಪಣ ಇಲ್ಲ.

ಉಳಿದ ಎರಡಕ್ಕೆ ಉತ್ತರ ಹುಡುಕಲು ನಮಗೆ ಆಟ ಬರೆಯುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಹಳ್ಳಿಯಲ್ಲಿ ಕೂತು ಆಟ ಮಾಡಬೇಕು ಅಂದುಕೊಂಡ ಹುಡುಗ ಹುಡುಗಿಯರು ನಮ್ಮ ಓದುಗರಲ್ಲೂ ಇರಬಹುದು ಅಂತ ಇಲ್ಲಿ ಬರೆಯುತ್ತಿದ್ದೇವೆ.

ಲೈಸೆನ್ಸು ಅಂದರೆ ನಮಗೆ ನೆನಪಾಗುವುದು ಬಂದೂಕಿನದು, ಬಾರಿನದು, ಡ್ರೈವಿಂಗಿನದು. ಇಲ್ಲಿ ಆ ಪದದ ಅರ್ಥ ಬೇರೆ. ಇನ್ನೊಬ್ಬರು ಮಾಡಿಟ್ಟದ್ದನ್ನು ನೀವು ಯಾವ ಷರತ್ತಿನ ಮೇಲೆ ಬಳಸಬಹುದು ಎಂಬ ಕರಾರು ಅದು. ಬೇರೆಯವರ ಹೊಲವನ್ನು ಪಾಲಿಗೆ ಮಾಡಿದವರ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಲ ಯಾರದು, ಬೆಳೆಯಲ್ಲಿ ಪಾಲೆಷ್ಟು, ನಡುವೆ ಮಾತು ಬದಲಾದರೆ ಗತಿಯೇನು?

ಆಟ ಕಟ್ಟುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಅನ್ನುತ್ತಾರೆ. ಹೆಚ್ಚು ಹೆಸರುವಾಸಿ ಯೂನಿಟಿ. ಸಣ್ಣವರಿಗೆ ಅದು ಉಚಿತ. ಈಗಿನ ಮಿತಿ ವರ್ಷಕ್ಕೆ 2 ಲಕ್ಷ ಡಾಲರ್. ಆದರೆ 2023ರ ಸೆಪ್ಟೆಂಬರಿನಲ್ಲಿ ಆ ಕಂಪನಿ ಒಂದು ಮಾತು ಹೇಳಿತು: ಮುಂದಿನ ಜನವರಿಯಿಂದ, ಒಂದು ಮಟ್ಟ ದಾಟಿದ ಆಟಗಳು ಹೊಸದಾಗಿ ಇನ್‌ಸ್ಟಾಲ್ ಆದಾಗಲೆಲ್ಲ ಶುಲ್ಕ ಕೊಡಬೇಕು. ಬಿತ್ತನೆ ಮುಗಿದು ಪೈರು ಎದ್ದ ಮೇಲೆ ಹೊಲದ ಯಜಮಾನ ಬಂದು ಪಾಲಿನ ಲೆಕ್ಕ ಬದಲಾಯಿಸಿದ ಹಾಗೆ. ಜಗತ್ತಿನ ಆಟಗಾರರು, ಆಟ ಮಾಡುವವರು ಎಲ್ಲ ಸಿಟ್ಟಿಗೆದ್ದರು. ಮರು ತಿಂಗಳು ಕಂಪನಿಯ ಮುಖ್ಯಸ್ಥ ಜಾನ್ ರಿಕಿಟೆಲ್ಲೊ ಹುದ್ದೆ ಬಿಟ್ಟರು, 2024ರ ಸೆಪ್ಟೆಂಬರಿನಲ್ಲಿ ಆ ಶುಲ್ಕವೇ ರದ್ದಾಯಿತು. ಆದರೂ ಒಂದು ವರ್ಷ ಸಣ್ಣ ತಂಡಗಳು ಹೇಗೆ ನಿದ್ದೆ ಮಾಡಿರಬಹುದು ಯೋಚಿಸಿ.

ಅನ್‌ರಿಯಲ್ ಎಂಜಿನ್‌ನ ಲೆಕ್ಕ ಬೇರೆ: ಒಂದು ಆಟದಿಂದ ಒಟ್ಟು 10 ಲಕ್ಷ ಡಾಲರ್ ಬರುವ ತನಕ ಏನೂ ಇಲ್ಲ, ಆಮೇಲಿನದ್ದರಲ್ಲಿ ಶೇ. 5. (ಅಷ್ಟು ಬಂದರೆ ಕೊಡೋಣ ಬಿಡಿ, ಹೋಳಿಗೆ ಊಟವನ್ನೂ ಹಾಕಿಸೋಣ.) ನಾವು ಆರಿಸಿಕೊಂಡದ್ದು ಅರ್ಜೆಂಟೀನಾದ ಇಬ್ಬರು ಶುರು ಮಾಡಿದ ಗೊಡೊ. 2014ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಎಂಐಟಿ ಲೈಸೆನ್ಸಿನಲ್ಲಿರುವುದರಿಂದ ಪಾಲೂ ಇಲ್ಲ, ಮಿತಿಯೂ ಇಲ್ಲ. ಅದರ ಲೈಸೆನ್ಸಿನ ಒಕ್ಕಣೆಯನ್ನು ಆಟದೊಳಗೆ ಎಲ್ಲಾದರೂ ಸೇರಿಸಬೇಕು, ಅಷ್ಟೇ. ನಮ್ಮ ಹಳೆ ಲ್ಯಾಪ್‌ಟಾಪಿನಲ್ಲೂ ಅದು ಓಡುತ್ತದೆ ಎಂಬುದೂ ಒಂದು ಕಾರಣ.

ಚೌಕಾಬಾರದ ನಿಯಮ ಯಾರ ಸ್ವತ್ತೂ ಅಲ್ಲ. ಐದು ಐದು ಮನೆ, ನಾಲ್ಕು ಕವಡೆ; ಎಲ್ಲ ಅಂಗಾತ ಬಿದ್ದರೆ ಚೌಕ, ಎಲ್ಲ ಬೋರಲು ಬಿದ್ದರೆ ಬಾರ. ಇದನ್ನು ಯಾರು ಬೇಕಾದರೂ ಆಟ ಮಾಡಬಹುದು. ಆದರೆ ಇನ್ನೊಬ್ಬರ ಆ್ಯಪಿನಲ್ಲಿರುವ ಮನೆಯ ಚಿತ್ರ, ಕವಡೆಯ ಸದ್ದು ಎತ್ತಿಕೊಳ್ಳುವ ಹಾಗಿಲ್ಲ. ಇಂಟರ್‌ನೆಟ್ಟಿನಲ್ಲಿ 'ಫ್ರೀ ಡೌನ್‌ಲೋಡ್' ಅಂತ ಬರೆದಿದ್ದರೆ ಅದು ಲೈಸೆನ್ಸಲ್ಲ. ಸಿಸಿ ಜೀರೊ ಎಂದಿದ್ದರೆ ಧಾರಾಳವಾಗಿ ಬಳಸಿ. ಕೆನ್ನಿ ಎಂಬ ತಾಣದ ಸಾವಿರಾರು ಚಿತ್ರಗಳು ಹಾಗಿವೆ. ಸಿಸಿ ಬಿವೈ ಎಂದಿದ್ದರೆ ಮಾಡಿದವರ ಹೆಸರು ಹಾಕಿ. ಎನ್‌ಸಿ ಅಂತ ಸೇರಿದ್ದರೆ ವ್ಯಾಪಾರಕ್ಕೆ ಬಳಸಬಾರದು. ಜಾಹೀರಾತು ಹಾಕಿ ದುಡಿಯುವ ಯೋಚನೆ ಇದ್ದರೆ ಅದನ್ನು ಮುಟ್ಟದಿರುವುದೇ ಲೇಸು. ಕನ್ನಡ ಅಕ್ಷರಕ್ಕೆ ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಇವೆ, ಎರಡೂ ಮುಕ್ತ.

ಇದೆಲ್ಲ ಹೊರಗಿನವರ ವಿಷಯ. ನಮ್ಮನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ನಮ್ಮ ಬೀದಿಯ ಅಜ್ಜಿ.

ಆಟದಲ್ಲಿ ಗೆದ್ದಾಗ ಕೇಳಿಸಲು ಅಜ್ಜಿಯ ಕೈಲಿ ಎರಡು ಸೋಬಾನೆ ಪದ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಪದ ಊರಿನದು, ತಲೆಮಾರುಗಳಿಂದ ಬಂದದ್ದು. ದನಿ ಮಾತ್ರ ಅಜ್ಜಿಯದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಹಾಡಿದವರಿಗೂ ಹಕ್ಕು ಕೊಟ್ಟಿದೆ, ಅದು 50 ವರ್ಷ ಇರುತ್ತದೆ. ಅವರ ಒಪ್ಪಿಗೆ ಬೇಕು. ನಮ್ಮಲ್ಲೊಬ್ಬ "ನಮ್ಮಜ್ಜಿ ತಾನೆ, ಬಾಯಿಮಾತು ಸಾಕು" ಅಂದ. ಅದೇ ಹೊತ್ತಿಗೆ ಚಿತ್ರ ಬರೆಯುತ್ತಿದ್ದ ನಮ್ಮ ಗೆಳತಿ ಕೇಳಿದಳು: "ಹಾಗಾದ್ರೆ ನನ್ನ ಚಿತ್ರಾನೂ ಬಾಯಿಮಾತಲ್ಲೇನಾ?"

ಆ ಪ್ರಶ್ನೆಯಿಂದ ಎರಡು ದಿನ ಮಾತು ಬಿಗಿಯಾಯಿತು. ಕಾಯ್ದೆಯ 19ನೇ ಸೆಕ್ಷನ್ ಓದಿದರೆ ಅವಳೇ ಸರಿ. ಸಂಬಳಕ್ಕೆ ಇಟ್ಟುಕೊಳ್ಳದೆ, ದುಡ್ಡು ಕೊಟ್ಟು ಬರೆಸಿಕೊಳ್ಳದೆ ಯಾರೋ ಬರೆದುಕೊಟ್ಟ ಚಿತ್ರದ ಹಕ್ಕು ಬರೆದವರದೇ. ಅದು ಇನ್ನೊಬ್ಬರಿಗೆ ಹೋಗಬೇಕಾದರೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ನಮ್ಮ ಆಟ ಬೇರೆ ದೇಶದಲ್ಲಿರುವ ಕನ್ನಡದವರಿಗೂ ಹೋಗಬೇಕಲ್ಲ! ಕೊನೆಗೆ ಒಂದು ಹಾಳೆಯಲ್ಲಿ ನೇರ ಕನ್ನಡದಲ್ಲಿ ಬರೆದೆವು. ಚಿತ್ರ ಅವಳದೇ, ಈ ಆಟದಲ್ಲಿ ಎಲ್ಲ ದೇಶಗಳಲ್ಲೂ ಬಳಸಲು ಅನುಮತಿ, ಬಂದ ದುಡ್ಡಿನಲ್ಲಿ ನಾಲ್ವರಿಗೂ ಸಮಪಾಲು, ಅಜ್ಜಿಗೆ ನೂರಕ್ಕೆ ಐದು. ಅಜ್ಜಿ ಸಹಿ ಹಾಕುವ ಮೊದಲು ಎರಡು ಸಲ ಓದಿಸಿಕೊಂಡರು. "ಹೊಲದ ಕಾಗ್ದ ಓದ್ದೆ ಹೆಬ್ಬೆಟ್ಟು ಒತ್ತಿ ನಮ್ಮಪ್ಪ ಎರಡೆಕರೆ ಕಳ್ಕೊಂಡ" ಅಂದರು.

ಇನ್ನು ದುಡ್ಡು. ಖರ್ಚು ಜನ ಅಂದುಕೊಂಡಷ್ಟಿಲ್ಲ. ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್. ಕಂಪ್ಯೂಟರ್ ಆಟಗಳ ಸ್ಟೀಮ್ ಅಂಗಡಿಗೆ ಒಂದೊಂದು ಆಟಕ್ಕೂ 100 ಡಾಲರ್. ಆಟ 1,000 ಡಾಲರ್ ದುಡಿದರೆ ಅದು ವಾಪಸ್. ಇಚ್ ಎಂಬ ತಾಣದಲ್ಲಿ ಪುಕ್ಕಟೆ. ದೊಡ್ಡ ಖರ್ಚು ನಮ್ಮ ಹೊತ್ತು.

ಸರ್ಕಾರದ 'ಎಲಿವೇಟ್' ಯೋಜನೆಯಲ್ಲಿ ರಾಜ್ಯದ ನೋಂದಾಯಿತ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಉಂಟು. ಒಂದೂ ಆಟ ಮುಗಿಸದ ನಾಲ್ವರು ಅದರ ಮುಂದೆ ನಿಲ್ಲುವುದು ಈಗಲೇ ಬೇಡ ಅನ್ನಿಸಿತು. ಪುಣೆಯ ತಂಡವೊಂದರ 'ರಾಜಿ' ಆಟಕ್ಕೆ 2017ರಲ್ಲಿ ಜನರಿಂದ ಚಂದಾ ಎತ್ತಲು ಹೋದಾಗ ಗುರಿ ಮುಟ್ಟಲಿಲ್ಲ. ಆಮೇಲೆ ಅನ್‌ರಿಯಲ್‌ನವರ ಅನುದಾನವೂ ಸಿಕ್ಕಿ 2020ರಲ್ಲಿ ಹೊರಬಂತು. ಅಮೆರಿಕದ ಎರಿಕ್ ಬರೋನ್ ಬೇಸಾಯದ ಆಟ 'ಸ್ಟಾರ್ಡ್ಯೂ ವ್ಯಾಲಿ'ಯನ್ನು ನಾಲ್ಕು ವರ್ಷಕ್ಕೂ ಹೆಚ್ಚು ಒಬ್ಬರೇ ಕೂತು ಮಾಡಿದರು. ಹೊಟ್ಟೆಪಾಡಿಗೆ ನಾಟಕಮಂದಿರದಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ.

ನಮ್ಮ ಬಳಿಗೂ ನಗರದಿಂದ ಒಬ್ಬರು ಬಂದಿದ್ದರು. ಎರಡು ಲಕ್ಷ ಕೊಡುತ್ತೇನೆ ಅಂದರು. ಕರಾರಿನ ನಾಲ್ಕನೇ ಪುಟದಲ್ಲಿ ಆಟ, ಚಿತ್ರ, ಹಾಡು, ಮುಂದೆ ಮಾಡುವ ಆಟಗಳು ಎಲ್ಲವೂ ಶಾಶ್ವತವಾಗಿ ಅವರದು ಅಂತಿತ್ತು. ಎರಡು ಲಕ್ಷ ನಮ್ಮ ನಾಲ್ಕು ಮನೆಗಳಿಗೂ ದೊಡ್ಡದೇ. ಒಬ್ಬನ ಮನೆಯಲ್ಲಿ ಆಗಲೇ ಬ್ಯಾಂಕಿನ ನೋಟಿಸು ಬಂದಿತ್ತು. ಅವನೇ ಮೊದಲು ಬೇಡ ಅಂದ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿಕೊಡುತ್ತೇನೆ ಎಂದ ಅಮ್ಮನಿಗೂ ಬೇಡ ಅಂದೆವು. ಇದನ್ನು ಸಾಲ ಮಾಡಿ ಮಾಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಟೊಮೆಟೊ ಹಾಗೆಯೇ ಇದು, ರೇಟು ಯಾರ ಕೈಯಲ್ಲೂ ಇಲ್ಲ.

ಈಗ ಉಳಿದಿರುವುದು ಪರೀಕ್ಷೆ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರ ಆಟವನ್ನು 12 ಮಂದಿ 14 ದಿನ ಬಿಡದೆ ಫೋನಿನಲ್ಲಿ ಇಟ್ಟುಕೊಂಡು ನೋಡಬೇಕು, ಆಮೇಲೆ ಎಲ್ಲರಿಗೂ ಬಿಡಲು ಗೂಗಲ್‌ಗೆ ಅರ್ಜಿ. ನಮಗೆ ಒಂಬತ್ತು ಮಂದಿ ಸಿಕ್ಕಿದ್ದಾರೆ. ಅಜ್ಜಿಯದು ಬಟನ್ ಫೋನು, ಲೆಕ್ಕಕ್ಕೆ ಬರುವುದಿಲ್ಲ. ಚೌಕಾಬಾರ ಗೊತ್ತಿರುವ ಮೂವರು ಬೇಕು. ತಪ್ಪು ಕಂಡರೆ ಮುಖದ ಮೇಲೆ ಹೇಳುವವರಾದರೆ ಇನ್ನೂ ಒಳ್ಳೆಯದು.