ಕಾಲಿಗೆ ತಕ್ಕ ಗುಡ್ಡ

ಮಳೆಗಾಲ ಕಳೆದು ಕಾರ್ತಿಕದ ಎಳೆಬಿಸಿಲು ಬಿದ್ದ ಕೂಡಲೆ ಬೆಳಗಾವಿಯ ತರುಣರಿಗೆ ಗುಡ್ಡದ ಹುಚ್ಚು ಹಿಡಿಯುತ್ತದೆ. ಕಾಲೇಜಿನ ಪಡಸಾಲೆಯಲ್ಲಿ ಭಾನುವಾರದ ಮಾತೇ ಮಾತು: ಯಳ್ಳೂರಿನ ಕೋಟೆಯೋ, ಜಾಂಬೋಟಿಯ ಕಾಡೋ, ಕಣಕುಂಬಿಯ ಕಣಿವೆಯೋ? ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಹತ್ತು ಉತ್ತರಗಳು ಬರುತ್ತವೆ. ಹೋಗುವವರು ಯಾರು, ಅವರ ಕಾಲಿನ ಶಕ್ತಿ ಎಷ್ಟು ಎಂಬುದನ್ನು ಕೇಳುವವರು ವಿರಳ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದ್ದು ಬೆಟ್ಟವನ್ನು ಹಳಿಯುವುದಕ್ಕಲ್ಲ, ನೋಡುವವನ ಕಣ್ಣನ್ನು ಎಚ್ಚರಿಸುವುದಕ್ಕೆ.

ಹಿಮ ಬೀಳುವ ನಾಡುಗಳಲ್ಲಿ ಈ ಎಚ್ಚರಿಕೆಗೆ ಬಣ್ಣವನ್ನೇ ಕೊಟ್ಟಿದ್ದಾರೆ. ಯುರೋಪಿನ ಪರ್ವತಗಳಲ್ಲಿ ಸ್ಕೀ ಕಟ್ಟಿಕೊಂಡು ಜಾರುವ ದಾರಿಗಳ ಮೊದಲಲ್ಲಿ ಬಣ್ಣದ ಫಲಕಗಳಿರುತ್ತವೆ. ಹಸುರು ಹೊಸಬನಿಗೆ, ನೀಲಿ ಅಲ್ಪಸ್ವಲ್ಪ ಕಲಿತವನಿಗೆ, ಕೆಂಪು ನುರಿತವನಿಗೆ, ಕಪ್ಪು ಪ್ರವೀಣನಿಗೆ. ಇಳಿಜಾರು ಎಷ್ಟು ಕಡಿದು ಎಂಬುದೇ ಈ ವಿಂಗಡಣೆಯ ಮುಖ್ಯ ಆಧಾರ. ಆದರೆ ಅಲ್ಲಿಯೂ ಒಂದು ಸೂಕ್ಷ್ಮವುಂಟು. ಒಂದು ಪರ್ವತದ ನೀಲಿ ದಾರಿ ಇನ್ನೊಂದರ ಕೆಂಪು ದಾರಿಯಷ್ಟೇ ಕಠಿನವಾಗಿರಬಹುದು. ಆದಕಾರಣ ಜಾಣನಾದವನು ಹೊಸ ಸ್ಥಳಕ್ಕೆ ಹೋದಾಗ ತನ್ನ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದಾರಿಯಿಂದಲೇ ಪ್ರಾರಂಭಿಸುತ್ತಾನೆ.

ನಮ್ಮ ಸಹ್ಯಾದ್ರಿಯಲ್ಲಿ ಹಿಮವಿಲ್ಲ, ಬಣ್ಣದ ಫಲಕಗಳೂ ಇಲ್ಲ. ಆ ಬಣ್ಣಗಳನ್ನು ನಾವೇ ಮನಸ್ಸಿನಲ್ಲಿ ಬಳಿದುಕೊಳ್ಳಬೇಕು.

ಹಸುರಿನಿಂದ ತೊಡಗೋಣ. ಬೆಳಗಾವಿಯ ಕೋಟೆ ಸಮತಟ್ಟಾದ ನೆಲದ ಮೇಲಿದೆ. ಕಂದಕವನ್ನು ನೋಡುತ್ತ ಒಳಹೊಕ್ಕು, 1204ರಲ್ಲಿ ಕಟ್ಟಿದ ಕಮಲ ಬಸದಿಯ ಛತ್ತಿನಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ಕಣ್ತುಂಬ ಕಂಡು ಬರುವುದಕ್ಕೆ ಅಜ್ಜನ ಕಾಲೂ ಸಾಕು, ಮೊಮ್ಮಗನ ಕಾಲೂ ಸಾಕು. ಖಾನಾಪುರದ ಸಮೀಪದ ಅಸೋಗೆಯಲ್ಲಿ ಮಲಪ್ರಭೆಯ ದಂಡೆಯ ಮೇಲೆ ಅಡ್ಡಾಡುವುದೂ ಇದೇ ವರ್ಗದ್ದು. ಖಾನಾಪುರದಿಂದ ನಂದಗಡದ ಮೇಲೆ ಹಾಯ್ದು ಹಲಸಿಗೆ ಹೋದರಂತೂ ಶ್ರಮ ಅಲ್ಪ, ಫಲ ಅಪಾರ. ನಂದಗಡ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲ. ಹಲಸಿ ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಾಗಿದ್ದ ಊರು, ಭೂವರಾಹ ನರಸಿಂಹನ ಸನ್ನಿಧಿ.

ನೀಲಿಯ ಗುಡ್ಡಗಳು ಬೇರೆ. ನಗರದಿಂದ ಸುಮಾರು 15 ಕಿಲೋಮೀಟರಿನಲ್ಲಿ ಯಳ್ಳೂರಿನ ರಾಜಹಂಸಗಡವಿದೆ. ಕೋಟೆಯ ಸಮೀಪದವರೆಗೆ ವಾಹನದ ರಸ್ತೆಯೇ ಇದೆಯಾದರೂ ಬುಡದ ಊರಿನಿಂದ ನಡೆದು ಏರುವವನಿಗೆ ಅದೊಂದು ಒಳ್ಳೆಯ ಪರೀಕ್ಷೆ. ನಡುವೆ ಉಸಿರು ಕಟ್ಟಿದರೆ ಕುಳಿತುಕೊಳ್ಳಬಹುದು, ಸಾಕೆನಿಸಿದರೆ ಹಿಂದಿರುಗಬಹುದು. ದಾರಿ ತಪ್ಪುವ ಭಯವಿಲ್ಲ. ಹಲಸಿಯ ಬಳಿಯ ರಾಮತೀರ್ಥದ ಗುಡ್ಡವೂ ಹೀಗೆಯೇ ಕಾಲನ್ನು ಹದಗೊಳಿಸತಕ್ಕದ್ದು.

ಜಾಂಬೋಟಿಯನ್ನು ದಾಟಿ ಕಣಕುಂಬಿಯ ಕಡೆಗೆ ಸಾಗಿದಂತೆ ಬಣ್ಣ ಕೆಂಪಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲೂಕಿನ ಕಾಡಿನಲ್ಲಿ ಹುಟ್ಟಿದ ಮಹಾದಾಯಿ ಪಶ್ಚಿಮಕ್ಕೆ ತಿರುಗಿ ಗೋವೆಯಲ್ಲಿ ಮಾಂಡವಿಯೆಂಬ ಹೆಸರು ಪಡೆಯುತ್ತಾಳೆ. ಎರಡು ಸಮುದ್ರಗಳಿಗೆ ನೀರನ್ನು ಹಂಚುವ ಈ ನೆಲದಲ್ಲಿ ಮಳೆ ವಿಪರೀತ. ಮುಂಜಾನೆ ಪಾದ ತೋಯಿಸಿ ದಾಟಿದ ಹಳ್ಳ ಮಧ್ಯಾಹ್ನದ ಮಳೆಗೆ ಎದೆಮಟ್ಟ ಏರಬಲ್ಲದು. ಜೂನಿನಿಂದ ಸೆಪ್ಟೆಂಬರಿನವರೆಗೆ ಪರಊರಿನವರು ಇಲ್ಲಿನ ಕಾಡುಹಾದಿಗಳ ಗೊಡವೆಗೆ ಹೋಗದಿರುವುದೇ ಲೇಸು.

ಇನ್ನು ಕಪ್ಪು: ಭೀಮಗಡ. ಹದಿನೇಳನೆಯ ಶತಮಾನದ ಈ ಮರಾಠರ ಕೋಟೆಯ ಸುತ್ತಣ ಅರಣ್ಯವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು; ವಿಸ್ತಾರ ಸುಮಾರು 190 ಚದರ ಕಿಲೋಮೀಟರು. ಜಗತ್ತಿನಲ್ಲಿ ಅತಿ ವಿರಳವಾದ, 1913ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ರಾಟನ್ ಬಾವಲಿ ವಾಸಿಸುವುದು ಇಲ್ಲಿಯ ಬಾರಾಪೇಡೆ ಗವಿಗಳಲ್ಲಿ. ಕರಡಿಗೂ ಕಾಳಿಂಗಸರ್ಪಕ್ಕೂ ಇದು ತವರು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಇಲ್ಲಿ ಹೆಜ್ಜೆಯಿಡತಕ್ಕದ್ದಲ್ಲ.

ಬಣ್ಣ ಗೊತ್ತಾದ ಮೇಲೆ ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟನು: ಪ್ರತಿ 3 ಮೈಲಿಗೆ ಒಂದು ಗಂಟೆ, ಏರಿದ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ. ಹೋಗಿಬರುವ ದಾರಿ 12 ಕಿಲೋಮೀಟರು, ಏರು 300 ಮೀಟರು ಎನ್ನಿ. ಗಣಿತ ಸುಮಾರು 3 ಗಂಟೆ ಎನ್ನುತ್ತದೆ. ಆದರೆ ಆತನ ಲೆಕ್ಕ ಗಟ್ಟಿಮುಟ್ಟಾದವನಿಗೆ, ತಂಪುನಾಡಿಗೆ. ನಮ್ಮ ಬಿಸಿಲಿಗೂ ಕಲ್ಲಿಗೂ ಅದರ ಅರ್ಧವನ್ನು ಕೂಡಿಸಿರಿ, ಬುತ್ತಿ ಬಿಚ್ಚುವುದಕ್ಕೆ ಒಂದು ಗಂಟೆ ಇಡಿರಿ, ಐದೂವರೆ ಗಂಟೆಯಾಯಿತು. ನವೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯಾಸ್ತ; ಕಾಡಿನಲ್ಲಿ ಕತ್ತಲೆ ಅದಕ್ಕೂ ಮೊದಲೇ ಇಳಿಯುತ್ತದೆ. ಹನ್ನೊಂದಕ್ಕೆ ಹೊರಡುವವನ ಕೈಯಲ್ಲಿ ಉಳಿಯುವ ಹೊತ್ತು ಅತ್ಯಲ್ಪ. ಎಂಟಕ್ಕೆ ಹೊರಟವನು ನಿಶ್ಚಿಂತ.

ಇಳಿಯುವುದು ಸುಲಭವೆಂಬ ಭ್ರಮೆಯೂ ಬೇಡ. ಏರುವಾಗ ದಣಿಯುವುದು ಉಸಿರು. ಇಳಿಯುವಾಗ ದಣಿಯುವುದು ತೊಡೆ ಮತ್ತು ಮೊಣಕಾಲು. ಮೈಭಾರವನ್ನು ಹೆಜ್ಜೆಹೆಜ್ಜೆಗೂ ತಡೆಹಿಡಿಯಬೇಕಾಗಿ ಬಂದು ತೊಡೆಯ ಸ್ನಾಯುಗಳು ನಡುಗತೊಡಗುತ್ತವೆ. ಜಂಬಿಟ್ಟಿಗೆಯ ಹರಳುಗಳು ಪಾದದಡಿಯಲ್ಲಿ ಜೋಳದ ಕಾಳಿನಂತೆ ಉರುಳುತ್ತವೆ. ಹಲಸಿಯ ಕಡೆಯ ಮುದುಕ ದನಗಾಹಿಯೊಬ್ಬರು ನನಗೆ ಹೇಳಿದ ಮಾತು ಇದು: “ಮಾಸ್ತರ್ರ, ಏರೂ ಕಾಲು ಎಲ್ಲಾರಿಗೂ ಇರ್ತಾವ್ರಿ. ಇಳಿಯೂ ಕಾಲು ಉಳಿದಾವೇನು ಅಂತ ನೋಡಿಕೊಂಡು ಏರ್ರಿ.”

ನನ್ನ ವಿದ್ಯಾರ್ಥಿಯೊಬ್ಬ ಹೋದ ವರ್ಷ ದೀಪಾವಳಿಯ ರಜೆ ಮುಗಿಸಿ ಊರುಗೋಲಿನ ಮೇಲೆ ತರಗತಿಗೆ ಬಂದ. ಓರಗೆಯವರ ಜತೆಗೆ ಕಾಡಿನ ಗುಡ್ಡವೊಂದನ್ನು ಏರಿದ್ದನಂತೆ. ಅರ್ಧ ದಾರಿಯಲ್ಲಿಯೇ ತನ್ನಿಂದಾಗದೆಂದು ಅವನಿಗೆ ತಿಳಿದಿತ್ತು. ಅಂಜುಬುರುಕನೆಂದಾರೆಂದು ಬಾಯಿ ಬಿಡಲಿಲ್ಲ. ಇಳಿಯುವಾಗ ಕಾಲು ಸೋತು ಬಿದ್ದು ಹರಡಿನ ಎಲುಬು ಮುರಿಯಿತು. ಗೆಳೆಯರು ಕಂಬಳಿಯಲ್ಲಿ ಹೊತ್ತು, ಕತ್ತಲೆಯಲ್ಲಿ ತಡವರಿಸುತ್ತ ಕೆಳಗೆ ತಂದರು. “ಸರ್, ನನ್ನ ಕಡಿಂದ ಆಗೂದಿಲ್ಲ ಅನ್ನೂ ಮಾತು ಆ ಗುಡ್ಡಕ್ಕಿಂತ ದೊಡ್ಡದಾಗಿತ್ತರಿ” ಎಂದ. ಅವನ ತಾಯಿ ಆ ರಾತ್ರಿ ಅನುಭವಿಸಿದ ತಳಮಳವನ್ನು ನಾನು ಊಹಿಸಬಲ್ಲೆ.

ತಪ್ಪು ಆ ಹುಡುಗನದಷ್ಟೇ ಅಲ್ಲ. ಆ ಮಾತನ್ನು ಆಡುವುದಕ್ಕೆ ಅವನಿಗೆ ಎಡೆ ಕೊಡದ ಗುಂಪಿನದೂ ಹೌದು. ಆದುದರಿಂದ ಗುಂಪಾಗಿ ಹೊರಡುವವರು ಗುಡ್ಡವನ್ನು ಆರಿಸುವ ಹಕ್ಕನ್ನು ಎಲ್ಲರಿಗಿಂತ ಮೆಲ್ಲಗೆ ನಡೆಯುವವನಿಗೆ ಕೊಡಲಿ. ದಾರಿಯಲ್ಲಿಯೂ ಅವನೇ ಮುಂದೆ ನಡೆಯಲಿ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಗಂಟೆಗೆ ಮರಳುತ್ತೇವೆ ಎಂಬುದು ಮನೆಯವರಿಗೆ ತಿಳಿದಿರಲಿ. ಈ ಚಳಿಗಾಲದಲ್ಲಿ ಮೊದಲೆರಡು ಭಾನುವಾರ ಯಳ್ಳೂರು, ಮೂರನೆಯದು ರಾಮತೀರ್ಥ. ಮರುದಿನ ಮೊಣಕಾಲು ನೋಯದಿದ್ದರೆ ನಾಲ್ಕನೆಯ ವಾರ ತಿಳಿದವರೊಡನೆ ಕಣಕುಂಬಿಯ ಕಡೆಗೆ. ನೋಯುತ್ತಿದ್ದರೆ ಇನ್ನೊಮ್ಮೆ ಯಳ್ಳೂರಿಗೇ ಹೋಗಬಹುದು. ಅಲ್ಲಿಯ ಗಾಳಿಯೇನೂ ಕಡಮೆಯ ಗಾಳಿಯಲ್ಲ.