ಬೇಳದಲ್ಲಿ ಒಂದು ಭಾನುವಾರ

ಕುಂಬಳೆಯಿಂದ ಸೀತಾಂಗೋಳಿಯ ಮಾರ್ಗವಾಗಿ ಬದಿಯಡ್ಕದತ್ತ ಸಾಗುವವರಿಗೆ ಮುರಕಲ್ಲಿನ ಗುಡ್ಡಗಳೂ ಅಡಿಕೆ ತೋಟಗಳೂ ಒಂದರ ಬೆನ್ನಿಗೊಂದು ಎದುರಾಗುತ್ತವೆ. ಆ ದಾರಿಯಲ್ಲಿ ಬೇಳವಿದೆ. ಇಲ್ಲಿಯ ವ್ಯಾಕುಲಮಾತೆಯ ಇಗರ್ಜಿ 1890ರಲ್ಲಿ ಗಾಥಿಕ್ ಶೈಲಿಯಲ್ಲಿ ನಿರ್ಮಾಣವಾದುದು. ಕಾಸರಗೋಡು ಜಿಲ್ಲೆಯ ಲ್ಯಾಟಿನ್ ಕಥೋಲಿಕ ದೇವಾಲಯಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾದುದು. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದರೂ ಇಗರ್ಜಿಯು ಮಂಗಳೂರು ಧರ್ಮಪ್ರಾಂತ್ಯದಲ್ಲಿಯೇ ಉಳಿಯಿತು. ಮನೆಯಲ್ಲಿ ಕೊಂಕಣಿ, ನೆರೆಯಲ್ಲಿ ತುಳು, ಓದಿಗೆ ಕನ್ನಡ, ಕಚೇರಿಗೆ ಮಲಯಾಳ. ಇಷ್ಟು ನುಡಿಗಳ ನಡುವೆ ಇಲ್ಲಿಯ ಬಾಳು ಸಾಗುತ್ತದೆ.

ನಾವು ಬೇಳಕ್ಕೆ ಹೋದದ್ದು 2025ರ ಸೆಪ್ಟೆಂಬರ್ 7ರ ಭಾನುವಾರ. ಮರುದಿನ ತೆನೆ ಹಬ್ಬ, ಎಂದರೆ ಮರಿಯಮ್ಮನವರ ಜನ್ಮೋತ್ಸವ.

ಭಾನುವಾರದ ವಾಚನಗಳ ಕ್ರಮವನ್ನು ವಾಚಕರಿಗೆ ಇಲ್ಲಿ ತಿಳಿಸಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಗ್ರಂಥದ ಭಂಡಾರವನ್ನು ಜನರಿಗೆ ಇನ್ನಷ್ಟು ತೆರೆದಿಡಬೇಕೆಂದು 1963ರಲ್ಲಿ ವಿಧಿಸಿತು. ಅದರಂತೆ 1969ರ ಆಗಮನ ಕಾಲದಿಂದ ಮೂರು ವರ್ಷಗಳ ಆವರ್ತನ ಜಾರಿಗೆ ಬಂದಿತು. ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ಯೊವಾನ್ನರ ಶುಭಸಂದೇಶಕ್ಕೆ ಮುಖ್ಯವಾಗಿ ತಪಸ್ಸುಕಾಲ ಹಾಗೂ ಪಾಸ್ಖಕಾಲ. ಬೇಳದಲ್ಲಿ ಓದುವ ಭಾಗವನ್ನೇ ಅಂದು ರೋಮಿನಲ್ಲಿಯೂ ಓದುತ್ತಾರೆ.

ಅಂದಿನ ಶುಭಸಂದೇಶ ಲೂಕರ ಹದಿನಾಲ್ಕನೆಯ ಅಧ್ಯಾಯದ್ದು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು. ಶಿಷ್ಯನಾಗಹೊರಟವನೂ ಹಾಗೆಯೇ, ಏಕೆಂದರೆ ತನ್ನದೆನ್ನುವುದನ್ನೆಲ್ಲ ಬಿಡಬೇಕಾದೀತು ಎಂಬುದು ಯೇಸುಸ್ವಾಮಿಯ ಬೋಧೆ. ಎರಡನೆಯ ವಾಚನ ಸಂತ ಪೌಲರು ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಿಂದ. ಮನೆ ಬಿಟ್ಟು ಹೋದ ಗುಲಾಮ ಒನೇಸಿಮನನ್ನು ಆಳಾಗಿ ಅಲ್ಲ, ಸೋದರನಾಗಿ ಸ್ವೀಕರಿಸೆಂದು ಅದರಲ್ಲಿ ಪೌಲರು ಬೇಡುತ್ತಾರೆ. ಈ ಪತ್ರ ಭಾನುವಾರದ ಪೂಜೆಯಲ್ಲಿ ಕೇಳಿಬರುವುದು ಮೂರು ವರ್ಷಗಳಿಗೊಮ್ಮೆ ಮಾತ್ರ.

ನಮಗೆ ಆತಿಥ್ಯವಿತ್ತ ಹಿರಿಯರಿಗೆ ಅದು ಸಕಾಲದಲ್ಲಿಯೇ ಬಂದಿತ್ತು. ಅವರ ತೋಟದ ಕೆಲಸಗಾರನೊಬ್ಬ ಮುಂಗಡ ಹಣ ಪಡೆದು, ಕೊಯ್ಲಿನ ನಡುವೆ ಹೇಳದೆ ಹೋಗಿದ್ದ. ಮಗಳ ಕಾಯಿಲೆಗೆ ಆ ಹಣ ಮುಗಿದು, ಈಗ ಮರಳಿ ಬರಲು ಹೇಳಿಕಳುಹಿಸಿದ್ದ. "ಬರಲಿ, ಆದರೆ ಕೂಲಿಯಲ್ಲಿ ಹಿಡಿದುಕೊಳ್ಳೋಣ" ಎಂದು ಮಕ್ಕಳ ಅಭಿಪ್ರಾಯ. ಮಧ್ಯಾಹ್ನ ಜಗಲಿಯಲ್ಲಿ ಹಿರಿಯರು ಹೆಂಡತಿಗೆ, "ಲೆಕ್ಕ ಹಾಕಿ ಆಯಿತು ಮಾರಾಯ್ತಿ, ಹಣ ಬಿಟ್ಟರೂ ಬದುಕಬಹುದು. ಆದರೆ ಅವನನ್ನು ಒಳಗೆ ಕರೆದು ನಮ್ಮ ಪಕ್ಕದಲ್ಲಿ ಕೂರಿಸುವುದೇ ಹೆಚ್ಚಿನ ಖರ್ಚು" ಎಂದರು. ಆಕೆ, "ಪೌಲರು ಕೇಳಿದ್ದು ಆ ಖರ್ಚನ್ನೇ ಅಲ್ಲವೇ?" ಎಂದರು.

ಮರುದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬಂದಿತು. ಹೊಸ ಭತ್ತದ ಕಾಳುಗಳನ್ನು ಸುಲಿದು ಹಾಲಿನಲ್ಲಿ ಬೆರೆಸಿ ಕುಟುಂಬದವರೆಲ್ಲ ಹಂಚಿಕೊಳ್ಳುವುದು ವಾಡಿಕೆ. ದೂರದೇಶದಲ್ಲಿರುವ ಮಕ್ಕಳಿಗೂ ಕಾಳು ಕಳುಹಿಸುವುದುಂಟು. ಕುಟುಂಬದವರಲ್ಲದವರಿಗೆ ಆ ಪಾಲಿಲ್ಲ. ಕೆಲಸಗಾರ ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದ. ಹಿರಿಯರು ಎದ್ದು ಹೋಗಿ ಅವನ ಕೈಹಿಡಿದು ಒಳಗೆ ಕರೆತಂದರು; ಹಾಲಿನ ಬಟ್ಟಲನ್ನು ಅವನ ಮುಂದೆಯೂ ಇರಿಸಲಾಯಿತು. ಹಿರಿಯ ಮಗನ ಮುಖ ಬಿಗಿದೇ ಇತ್ತು. ಆದರೂ ಅನ್ನ ಬಡಿಸಿದವನು ಅವನೇ.

ವಾಚಕರೇ, ಧರ್ಮ ಯಾವುದೇ ಇರಲಿ, ಶ್ರವಣದ ನಂತರ ಮನನ, ಮನನದ ನಂತರ ಆಚರಣೆ ಎಂಬುದು ನಮ್ಮ ಹಿರಿಯರ ಕ್ರಮ. ಭಾನುವಾರ ಕಿವಿಗೆ ಬಿದ್ದ ವಾಕ್ಯಕ್ಕೆ ಸೋಮವಾರ ಊಟದ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚಾದರೆ, ಶಿಷ್ಯತ್ವವು ಆ ಮನೆಯಲ್ಲಿ ನೆಲೆಗೊಂಡಿತೆನ್ನಬಹುದು.